ನೆಲವೇ ಡೊಂಕಿರಬಹುದು: ಮೆದು ಜೆಲ್ಲಿಗೂ ಗಡಸು ಜೆಲ್ಲಿಗೂ ಜೀವಕೋಶ ವ್ಯತ್ಯಾಸ ತೋರದಿದ್ದಾಗ ಎಲ್ಲಿ ಹುಡುಕಬೇಕು

ಸೋಮವಾರ ಗಾಜಿನ ಮೇಲೆ ಮೂರು ಬಗೆಯ ಪಾಲಿಆಕ್ರಿಲಮೈಡ್ ಜೆಲ್ ಎರೆದಿರಿ. ಒಂದು ಮಿದುಳಿನಷ್ಟು ಮೆದು, ಒಂದು ಸ್ನಾಯುವಿನಷ್ಟು ಬಿಗಿ, ಮತ್ತೊಂದು ಮೂಳೆಯಾಗುವುದಕ್ಕೆ ಮುಂಚಿನ ಅಂಗಾಂಶದಷ್ಟು ಗಡಸು. ಮಂಗಳವಾರ ಅವುಗಳ ಮೇಲೆ ಫೈಬ್ರೊಬ್ಲಾಸ್ಟ್ ಎಂಬ, ಅಂಗಾಂಶದ ಎಳೆ ನೇಯುವ ಕೋಶಗಳನ್ನು ಬಿಟ್ಟಿರಿ. ಬುಧವಾರ ಬೆಳಿಗ್ಗೆ ಮೈಕ್ರೊಸ್ಕೋಪಿನಲ್ಲಿ ಕಣ್ಣಿಟ್ಟರೆ ಮೂರೂ ಜೆಲ್ಲುಗಳ ಮೇಲೆ ಕೋಶಗಳು ಒಂದೇ ರೀತಿ ಕೈಕಾಲು ಚಾಚಿ ಮಲಗಿವೆ. ಮೆದು ಜೆಲ್ಲಿನ ಮೇಲಿನವು ಸಣ್ಣಗೆ, ದುಂಡಗೆ ಮುದುಡಿಕೊಂಡಿರಬೇಕಿತ್ತು. ಬಣ್ಣ ಹಾಕಿ ನೋಡಿದರೆ ಯಾಪ್ ಎಂಬ ಪ್ರೋಟೀನ್ ಎಲ್ಲದರಲ್ಲೂ ಕೋಶಕೇಂದ್ರದೊಳಗೇ ಕುಳಿತಿದೆ, ಮೆದು ಜೆಲ್ಲಿನವುಗಳಲ್ಲಿ ಅದು ಹೊರಗಿರಬೇಕಿತ್ತು. ಈ ಕೈಪಿಡಿ ಆ ಬುಧವಾರಕ್ಕಾಗಿ ಬರೆದದ್ದು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಪ್ರಯೋಗದಲ್ಲಿ ಗಾದೆ ತಿರುಗುಮುರುಗು. ಕುಣಿಯುವವಳು ಸಾಮಾನ್ಯವಾಗಿ ಸರಿಯಾಗಿಯೇ ಕುಣಿಯುತ್ತಿರುತ್ತಾಳೆ, ಡೊಂಕಾಗಿರುವುದು ನೆಲ. ‘ಈ ಕೋಶಗಳು ಗಡಸುತನಕ್ಕೆ ಸ್ಪಂದಿಸುವುದಿಲ್ಲ’ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದು ಪುಟ ತಿರುವಿದವರನ್ನು ನಾನು ಕಂಡಿದ್ದೇನೆ. ಒಮ್ಮೆ ನಾನೇ ಹಾಗೆ ಬರೆದಿದ್ದೆ. ಕೋಶ ತನ್ನ ಕಾಲಡಿಯಲ್ಲಿ ಏನನ್ನು ಮುಟ್ಟುತ್ತಿದೆಯೋ ಅದಕ್ಕೆ ಉತ್ತರ ಕೊಡುತ್ತದೆ. ಡಬ್ಬಿಯ ಮೇಲೆ ನಾವು ಅಂಟಿಸಿದ ಚೀಟಿಯನ್ನು ಅದು ಓದುವುದಿಲ್ಲ.

ಕೋಶ ಅಳೆಯುವುದು ಹೇಗೆ

ಹಲಸಿನ ಹಣ್ಣು ಹಣ್ಣಾಗಿದೆಯೇ ಎಂದು ತಿಳಿಯಲು ಒತ್ತಿ ನೋಡುತ್ತೇವೆ. ಕೋಶ ಒತ್ತುವುದಿಲ್ಲ, ಜಗ್ಗುತ್ತದೆ. ಅದರ ಹೊರಪೊರೆಯಲ್ಲಿ ಇಂಟೆಗ್ರಿನ್ ಎಂಬ ಕೊಕ್ಕೆಗಳಿವೆ. ಹೊರಗಡೆ ಅವು ಕಾಲಜನ್, ಫೈಬ್ರೊನೆಕ್ಟಿನ್ ಮುಂತಾದ ಎಳೆಗಳನ್ನು ಹಿಡಿಯುತ್ತವೆ. ಒಳಗಡೆ ಟ್ಯಾಲಿನ್ ಎಂಬ ಪ್ರೋಟೀನಿನ ಮೂಲಕ ಆಕ್ಟಿನ್ ಹಗ್ಗಗಳಿಗೆ ಕಟ್ಟಿಕೊಂಡಿರುತ್ತವೆ. ಆ ಹಗ್ಗಗಳನ್ನು ಮಯೋಸಿನ್ ಮೋಟಾರುಗಳು ಸದಾ ಒಳಕ್ಕೆ ಎಳೆಯುತ್ತಿರುತ್ತವೆ. ನೆಲ ಗಡಸಾಗಿದ್ದರೆ ಎಳೆತದ ಬಲ ಕೊಕ್ಕೆಯ ಮೇಲೆ ಬೇಗ ಏರುತ್ತದೆ, ಟ್ಯಾಲಿನ್ನಿನ ಮಡಿಕೆ ಬಿಚ್ಚುತ್ತದೆ. ಎಲ್ಲಕ್ಕಿಂತ ಸಡಿಲವಾದ ಮಡಿಕೆ ಬಿಚ್ಚಲು ಸುಮಾರು 5 ಪಿಕೋನ್ಯೂಟನ್ ಸಾಕು. ಬಿಚ್ಚಿದ ಜಾಗಕ್ಕೆ ವಿಂಕ್ಯುಲಿನ್ ಎಂಬ ಇನ್ನೊಂದು ಪ್ರೋಟೀನ್ ಬಂದು ಕೂರುತ್ತದೆ, ಹಿಡಿತ ದೊಡ್ಡದಾಗುತ್ತದೆ. ನೆಲ ಮೆದುವಾಗಿದ್ದರೆ ಎಳೆದಷ್ಟೂ ನೆಲವೇ ಜೊತೆಗೆ ಬರುತ್ತದೆ, ಬಲ ಏರುವ ಮೊದಲೇ ಕೊಕ್ಕೆ ಕಳಚಿಕೊಳ್ಳುತ್ತದೆ. ಕೆಸರು ಗದ್ದೆಯಲ್ಲಿ ಹಗ್ಗಜಗ್ಗಾಟಕ್ಕೆ ನಿಂತವನ ಪಾಡು ಅದು.

ಈ ಬಲದ ಸುದ್ದಿ ಕೋಶಕೇಂದ್ರದವರೆಗೆ ಹೋಗುತ್ತದೆ. ಬಿಗಿ ಹಿಡಿತವಿದ್ದಾಗ ಯಾಪ್ ಮತ್ತು ತಾಜ್ ಎಂಬ ಜೋಡಿ ಕೋಶಕೇಂದ್ರದೊಳಗೆ ಸೇರಿ ವಂಶವಾಹಿಗಳನ್ನು ಎಬ್ಬಿಸುತ್ತದೆ, ಸಡಿಲವಾದಾಗ ಹೊರಗೆ ಕೋಶರಸದಲ್ಲಿ ಉಳಿಯುತ್ತದೆ. ಇಟಲಿಯ ಪಾಡುವಾದ ಪ್ರಯೋಗಾಲಯವೊಂದು ಇದನ್ನು 2011ರಲ್ಲಿ ತೋರಿಸಿದ ಮೇಲೆ ಯಾಪ್ ನಮ್ಮೆಲ್ಲರ ಅಳತೆಗೋಲಾಯಿತು. ಆ ಹೊತ್ತಿಗೆ ಈ ಕ್ಷೇತ್ರ ಬಹಳ ದೂರ ನಡೆದಿತ್ತು. 1980ರಲ್ಲಿ ಆಲ್ಬರ್ಟ್ ಹ್ಯಾರಿಸ್ ತೆಳುವಾದ ಸಿಲಿಕೋನ್ ರಬ್ಬರ್ ಪದರದ ಮೇಲೆ ಕೋಶಗಳನ್ನು ಬಿಟ್ಟು, ಅವು ಜಗ್ಗಿದಾಗ ರಬ್ಬರ್ ಸುಕ್ಕುಗಟ್ಟುವುದನ್ನು ತೋರಿಸಿದ್ದರು. 1997ರಲ್ಲಿ ಪೆಲಮ್ ಮತ್ತು ವಾಂಗ್ ಇಂದು ನಾವು ಎರೆಯುವ ಇದೇ ಪಾಲಿಆಕ್ರಿಲಮೈಡ್ ಜೆಲ್ಲನ್ನು ಬಳಕೆಗೆ ತಂದರು. 2006ರಲ್ಲಿ ಎಂಗ್ಲರ್, ಡಿಷರ್ ಮತ್ತು ಸಂಗಡಿಗರು ಮೂಳೆಮಜ್ಜೆಯ ಕಾಂಡಕೋಶಗಳು ಸುಮಾರು 1 ಕಿಲೋಪ್ಯಾಸ್ಕಲ್‌ಗಿಂತ ಕಡಿಮೆ ಗಡಸುತನದಲ್ಲಿ ನರಕೋಶದ ಕಡೆಗೆ, 8ರಿಂದ 17ರಲ್ಲಿ ಸ್ನಾಯುವಿನ ಕಡೆಗೆ, 25ರಿಂದ 40ರಲ್ಲಿ ಮೂಳೆಯ ಕಡೆಗೆ ವಾಲುತ್ತವೆ ಎಂದು ವರದಿ ಮಾಡಿದರು. ಸೋಮವಾರ ನೀವು ಎರೆದ ಮೂರು ಜೆಲ್ಲುಗಳ ಮೂಲ ಅಲ್ಲಿದೆ.

ಇಷ್ಟನ್ನು ಹೇಳಿದ್ದು ಪಾಠ ಮಾಡುವುದಕ್ಕಲ್ಲ. ಗಾಜು, ಜೆಲ್, ಅಂಟಿಸಿದ ಪ್ರೋಟೀನ್, ಕೊಕ್ಕೆ, ಹಗ್ಗ, ಮೋಟಾರು, ಯಾಪ್, ಕೊನೆಗೆ ನಮ್ಮ ಕ್ಯಾಮೆರಾ ಎಲ್ಲವೂ ಒಂದೇ ಸರಪಳಿ. ದೋಷ ಇದರ ಯಾವ ಕೊಂಡಿಯಲ್ಲಿದ್ದರೂ ಹೊರಗೆ ಕಾಣುವ ಲಕ್ಷಣ ಒಂದೇ: ‘ವ್ಯತ್ಯಾಸವಿಲ್ಲ’. ಆದ್ದರಿಂದ ಲಕ್ಷಣವನ್ನು ನೋಡಿ ಕಾರಣ ಊಹಿಸಲು ಹೋಗಬೇಡಿ.

ಬೇರೆ ಏನನ್ನೂ ಮುಟ್ಟುವ ಮೊದಲು ಎರಡು ತಟ್ಟೆ

ಮುಂದಿನ ಸಲ ಜೆಲ್ ಎರೆಯುವಾಗ ಎರಡು ತಟ್ಟೆ ಹೆಚ್ಚಿಗೆ ಇಡಿ. ಒಂದರಲ್ಲಿ ಜೆಲ್ಲೇ ಇಲ್ಲದ ಬರೀ ಗಾಜು, ಅದರ ಮೇಲೆ ಅದೇ ಪ್ರೋಟೀನ್. ಇನ್ನೊಂದರಲ್ಲಿ ಜೆಲ್ ಉಂಟು, ಪ್ರೋಟೀನ್ ಇಲ್ಲ. ಪಾಲಿಆಕ್ರಿಲಮೈಡ್ ತಾನಾಗಿ ಯಾವ ಕೋಶಕ್ಕೂ ಹಿಡಿತ ಕೊಡುವುದಿಲ್ಲ, ಈ ಕೆಲಸಕ್ಕೆ ಅದನ್ನು ಆರಿಸಿಕೊಂಡದ್ದೇ ಆ ಗುಣಕ್ಕಾಗಿ. ಹಾಗಿದ್ದೂ ಪ್ರೋಟೀನ್ ಇಲ್ಲದ ಜೆಲ್ಲಿನ ಮೇಲೆ ಕೋಶಗಳು ಹರಡಿಕೊಂಡರೆ, ಅವು ಜೆಲ್ಲಿನ ಮೇಲಿಲ್ಲ. ಜೆಲ್ ಹರಿದಿದೆ ಅಥವಾ ಎದ್ದು ಬಂದಿದೆ, ಕೋಶ ಗಾಜಿನ ಮೇಲೆ ಕುಳಿತಿದೆ. ಇಲ್ಲವೇ ಜೆಲ್ ಅಂಟಿಕೊಳ್ಳಲೆಂದು ಗಾಜಿಗೆ ಹಚ್ಚಿದ ಗ್ಲುಟರಾಲ್ಡಿಹೈಡನ್ನು ಸರಿಯಾಗಿ ತೊಳೆದಿಲ್ಲ, ಅದು ಸಿಕ್ಕ ಪ್ರೋಟೀನನ್ನೆಲ್ಲ ಹಿಡಿದಿಟ್ಟುಕೊಂಡಿದೆ. ಬರೀ ಗಾಜಿನ ಮೇಲೂ ಕೋಶಗಳು ದುಂಡಗೇ ಇದ್ದರೆ ತಪ್ಪು ಪ್ರೋಟೀನಿನದು ಅಥವಾ ಕೋಶಗಳ ಆರೋಗ್ಯದ್ದು. ಜೆಲ್ಲನ್ನು ದೂರಬೇಡಿ.

ಈ ಎರಡು ತಟ್ಟೆ ಇಡಲು ಹತ್ತು ನಿಮಿಷ ಸಾಕು. ಇಡದೆ ನಾನು ಕಳೆದುಕೊಂಡದ್ದು ವಾರಗಟ್ಟಲೆ.

ತೆಳು ಹಾಸಿಗೆ

ಮೆದು ಜೆಲ್ಲಿನ ಮೇಲೂ ಕೋಶ ಹರಡಿಕೊಂಡಿದ್ದರೆ ಮೊದಲು ಅನುಮಾನಿಸಬೇಕಾದ್ದು ಜೆಲ್ಲಿನ ದಪ್ಪವನ್ನು. ಹತ್ತಿಯ ಹಾಸಿಗೆ ಎಷ್ಟೇ ಮೆದುವಾಗಿರಲಿ, ಬೆರಳಿನಷ್ಟು ತೆಳುವಾದರೆ ಮಲಗಿದವನ ಬೆನ್ನಿಗೆ ತಾಗುವುದು ನೆಲ. ಜೆಲ್ ಕೆಲವೇ ಮೈಕ್ರಾನ್ ದಪ್ಪವಿದ್ದರೆ ಕೋಶ ಅದರ ಮೂಲಕ ಕೆಳಗಿನ ಗಾಜನ್ನೇ ಜಗ್ಗುತ್ತದೆ, ಗಡಸು ನೆಲ ಸಿಕ್ಕಿತೆಂದು ಹರಡಿಕೊಳ್ಳುತ್ತದೆ. ಒಂಟಿ ಕೋಶಕ್ಕೆ ಹತ್ತಾರು ಮೈಕ್ರಾನ್ ದಪ್ಪವಿದ್ದರೆ ಗಾಜು ಮರೆಯಾಗುತ್ತದೆ. ಗುಂಪಾಗಿ ಜಗ್ಗುವ ಕೋಶಗಳಿಗೆ ಇನ್ನೂ ಆಳದವರೆಗೆ ಗೊತ್ತಾಗುತ್ತದೆ. ಎಳೆಎಳೆಯಾದ ಕಾಲಜನ್ ಜೆಲ್ಲಿನಲ್ಲಂತೂ ಎಳೆಗಳು ಬಲವನ್ನು ಬಹಳ ದೂರ ಸಾಗಿಸುತ್ತವೆ, ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ದಪ್ಪದ ಲೆಕ್ಕವನ್ನು ಎರೆಯುವಾಗಲೇ ಮಾಡಿಕೊಳ್ಳಬಹುದು. 18 ಮಿಲಿಮೀಟರ್ ಅಡ್ಡಳತೆಯ ದುಂಡು ಗಾಜಿನ ವಿಸ್ತೀರ್ಣ ಸುಮಾರು 254 ಚದರ ಮಿಲಿಮೀಟರ್. ಅದರಡಿ 25 ಮೈಕ್ರೊಲೀಟರ್ ದ್ರಾವಣ ಹಾಕಿದರೆ ಪದರದ ದಪ್ಪ ಸುಮಾರು 100 ಮೈಕ್ರಾನ್ ಬರುತ್ತದೆ. 5 ಮೈಕ್ರೊಲೀಟರ್ ಹಾಕಿದರೆ 20. ಇದು ಕಾಗದದ ಮೇಲಿನ ಮಾತು. ಮೇಲಿನ ಗಾಜನ್ನು ಇಡುವಾಗ ಅಂಚಿನಿಂದ ಒಂದೆರಡು ಹನಿ ಹೊರಚೆಲ್ಲಿದರೆ ಲೆಕ್ಕ ಅಷ್ಟಕ್ಕಷ್ಟೇ. ಆದ್ದರಿಂದ ಅಳೆದು ನೋಡಿ. ಗಾಜಿನ ಮೇಲ್ಮೈಗೆ ಫೋಕಸ್ ಮಾಡಿ, ಅಲ್ಲಿಂದ ಜೆಲ್ಲಿನ ಮೇಲ್ಮೈಗೆ ಬನ್ನಿ. ಹೊಳೆಯುವ ಸೂಕ್ಷ್ಮ ಮಣಿಗಳನ್ನು ಎರಡೂ ಕಡೆ ಚಿಮುಕಿಸಿದ್ದರೆ ಸುಲಭ. ಒಣ ಲೆನ್ಸಿನಲ್ಲಿ ನೋಡುತ್ತಿದ್ದರೆ ಫೋಕಸ್ ತಿರುಪು ತೋರಿಸುವ ಅಂತರವನ್ನು ಸುಮಾರು 1.33ರಿಂದ ಗುಣಿಸಬೇಕು. ಬಾವಿಯ ತಳ ಇರುವುದಕ್ಕಿಂತ ಮೇಲೆ ಕಾಣುವುದು ಇದೇ ಕಾರಣಕ್ಕೆ.

ಹಾಗೆಂದು ಮೆದು ಜೆಲ್ಲನ್ನು ಮನಸ್ಸಿಗೆ ಬಂದಷ್ಟು ದಪ್ಪ ಎರೆಯಬೇಡಿ. ನೀರು ಕುಡಿದು ಉಬ್ಬಿದಾಗ ಅದರ ತಳ ಗಾಜಿಗೆ ಅಂಟಿರುತ್ತದೆ, ಪಕ್ಕಕ್ಕೆ ಹಿಗ್ಗಲು ಜಾಗವಿರುವುದಿಲ್ಲ. ಆಗ ಮೇಲ್ಮೈ ಮಡಿಚಿಕೊಂಡು ಸುಕ್ಕು ಬೀಳುತ್ತದೆ. ಆ ಸುಕ್ಕುಗಳ ಸಂದಿಯಲ್ಲಿ ಕೋಶಗಳು ಸಾಲಾಗಿ ಕೂತಿರುವುದನ್ನು ನೋಡಿ ಹೊಸ ಸಂಶೋಧನೆ ಸಿಕ್ಕಿತೆಂದು ಹಿಗ್ಗಿದವರಿದ್ದಾರೆ.

ಚೀಟಿಯ ಮೇಲಿನ ಸಂಖ್ಯೆ

ಆಕ್ರಿಲಮೈಡ್ ಶೇ. 3 ಮತ್ತು ಅದರ ಸರಪಳಿಗಳನ್ನು ಒಂದಕ್ಕೊಂದು ಹೆಣೆಯುವ ಬಿಸ್ ಶೇ. 0.1 ಬೆರೆಸಿದರೆ ಸುಮಾರು 1 ಕಿಲೋಪ್ಯಾಸ್ಕಲ್. ಶೇ. 5 ಮತ್ತು 0.15ಕ್ಕೆ ಸುಮಾರು 4.5. ಶೇ. 10 ಮತ್ತು 0.1ಕ್ಕೆ ಸುಮಾರು 10. ಶೇ. 8 ಮತ್ತು 0.48ಕ್ಕೆ ಸುಮಾರು 40. ಈ ಅಂಕಿಗಳಿರುವ ಪಟ್ಟಿ ಎಷ್ಟೋ ಪ್ರಯೋಗಾಲಯಗಳ ಗೋಡೆಯ ಮೇಲಿದೆ. ಅದು ಬೇರೆ ಯಾರದೋ ಅಡುಗೆಮನೆಯ ಅಳತೆ. ನಮ್ಮ ಸೀಸೆಯ ಆಕ್ರಿಲಮೈಡ್ ಎಷ್ಟು ಹಳೆಯದು, ಜೆಲ್ ಗಟ್ಟಿಯಾಗುವ ಕ್ರಿಯೆಯನ್ನು ಶುರುಮಾಡುವ ಎಪಿಎಸ್ ಪುಡಿಯನ್ನು ಕಲಸಿ ಎಷ್ಟು ದಿನವಾಯಿತು, ದ್ರಾವಣದಿಂದ ಗಾಳಿ ತೆಗೆದಿದ್ದೇವೆಯೇ, ಕೋಣೆ ಎಷ್ಟು ತಣ್ಣಗಿತ್ತು ಎಂಬುದೆಲ್ಲ ಅಂತಿಮ ಗಡಸುತನವನ್ನು ಸರಿಸುತ್ತದೆ. ಆಮ್ಲಜನಕ ಈ ಸರಪಳಿ ಕ್ರಿಯೆಯನ್ನು ತಡೆಯುವುದರಿಂದ ಗಾಳಿ ಸೋಕುವ ಅಂಚು ಅರೆಬೆಂದ ಮುದ್ದೆಯ ಹಾಗೆ ಉಳಿದುಬಿಡುತ್ತದೆ. ಜೆಲ್ ಗಟ್ಟಿಯಾಯಿತೇ ಎಂದು ನೋಡಲು ಕೊಳವೆಯಲ್ಲಿ ಉಳಿದ ದ್ರಾವಣವನ್ನು ಓರೆ ಮಾಡಿ ನೋಡುವ ರೂಢಿ ಒಳ್ಳೆಯದು. ಆದರೆ ಅದು ಗಟ್ಟಿಯಾಗಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಎಷ್ಟು ಗಟ್ಟಿ ಎಂಬುದನ್ನಲ್ಲ. ಇಷ್ಟಾದ ಮೇಲೂ ಕೈಗವಸು ತೆಗೆಯಬೇಡಿ. ಕೂಡಿಕೊಳ್ಳದೆ ಉಳಿದ ಆಕ್ರಿಲಮೈಡ್ ನಮ್ಮ ನರಗಳಿಗೂ ವಿಷ, ಕೋಶಗಳಿಗೂ ವಿಷ. ಜೆಲ್ಲನ್ನು ರಾತ್ರಿಯಿಡೀ ನೀರು ಬದಲಿಸುತ್ತಾ ತೊಳೆಯಿರಿ.

ಇದಕ್ಕಿಂತ ಮೋಸದ ತಪ್ಪು ಇನ್ನೊಂದಿದೆ. ಗಡಸುತನವನ್ನು ಎರಡು ಬೇರೆ ಗುಣಾಂಕಗಳಲ್ಲಿ ಹೇಳಬಹುದು, ಎರಡರ ಏಕಮಾನವೂ ಪ್ಯಾಸ್ಕಲ್ಲೇ. ಒತ್ತಿ ಅಥವಾ ಎಳೆದು ಅಳೆದರೆ ಬರುವುದು ಯಂಗ್ ಗುಣಾಂಕ. ರಿಯೋಮೀಟರಿನಲ್ಲಿ ತಿರುಚಿ ಅಳೆದರೆ ಬರುವುದು ಶಿಯರ್ ಗುಣಾಂಕ. ಜೆಲ್ ನೀರಿನಂತೆ ಗಾತ್ರ ಕಳೆದುಕೊಳ್ಳದ ವಸ್ತುವಾದ್ದರಿಂದ ಮೊದಲನೆಯದು ಎರಡನೆಯದರ ಸುಮಾರು ಮೂರರಷ್ಟು. ಒಬ್ಬರು ರಿಯೋಮೀಟರಿನಲ್ಲಿ ಅಳೆದು ಡಬ್ಬಿಯ ಮೇಲೆ ‘3 ಕಿ.ಪ್ಯಾ.’ ಎಂದು ಬರೆದಿಟ್ಟರೆ, ಇನ್ನೊಬ್ಬರು ಅದನ್ನು ಪ್ರಬಂಧವೊಂದರ ಯಂಗ್ ಲೆಕ್ಕದ ‘3 ಕಿ.ಪ್ಯಾ.’ ಜೊತೆ ಹೋಲಿಸಿದರೆ, ಕೋಶದ ಕಾಲಡಿಯಲ್ಲಿ ನಿಜಕ್ಕೂ ಇರುವುದು 9. ಈ ಗೊಂದಲ ನಮ್ಮದಷ್ಟೇ ಅಲ್ಲ, ಆಸ್ಪತ್ರೆಯಲ್ಲೂ ಇದೆ. ಯಕೃತ್ತಿನ ಗಡಸುತನ ನೋಡುವ ಫೈಬ್ರೋಸ್ಕ್ಯಾನ್ ಯಂತ್ರ ಯಂಗ್ ಗುಣಾಂಕವನ್ನು ಹೇಳುತ್ತದೆ, ಎಂಆರ್‌ಐನಿಂದ ಮಾಡುವ ಪರೀಕ್ಷೆ ಶಿಯರ್ ಲೆಕ್ಕದಲ್ಲಿ ಹೇಳುತ್ತದೆ. ಅದೇ ಆರೋಗ್ಯವಂತ ಯಕೃತ್ತಿಗೆ ಒಂದರಲ್ಲಿ 5ರ ಆಸುಪಾಸು, ಇನ್ನೊಂದರಲ್ಲಿ 2ರ ಆಸುಪಾಸು ಬರುತ್ತದೆ. ಚೀಟಿಯ ಮೇಲೆ ಸಂಖ್ಯೆಯ ಪಕ್ಕದಲ್ಲಿ ಯಾವ ಗುಣಾಂಕ, ಯಾವ ಯಂತ್ರ, ಯಾವ ದಿನ ಎಂದು ಬರೆಯದ ಜೆಲ್ಲನ್ನು ನಾನು ಈಗ ಮುಟ್ಟುವುದಿಲ್ಲ.

ಎಎಫ್‌ಎಂ ಯಂತ್ರದ, ಮೇಲ್ಮೈಯನ್ನು ಒತ್ತಿ ನೋಡುವ ಸೂಜಿಯಿಂದ ಅಳೆಯುವವರಿಗೆ ಎರಡು ಮಾತು. ಚೂಪು ಮೊನೆಗಿಂತ ತುದಿಗೆ ಸಣ್ಣ ಗೋಲಿ ಅಂಟಿಸಿದ ಸೂಜಿ ಮೆದು ಜೆಲ್ಲಿಗೆ ಲೇಸು. ಮೊನೆ ಜೆಲ್ಲನ್ನು ಚುಚ್ಚಿ ಸುಳ್ಳು ಹೇಳುತ್ತದೆ. ಮತ್ತು ಜೆಲ್ ಉಬ್ಬಿದ ಮೇಲೆ, ಕೋಶ ಬೆಳೆಸುವ ದ್ರವದಲ್ಲೇ ಮುಳುಗಿಸಿಟ್ಟು ಅಳೆಯಿರಿ.

ಹಿಡಿತ ಕೊಡುವ ಪ್ರೋಟೀನ್

ಜೆಲ್ ದಪ್ಪವಾಗಿದೆ, ಸಂಖ್ಯೆಯೂ ಸರಿ. ಈಗ ಮೇಲ್ಮೈಗೆ ಬನ್ನಿ. ಪಾಲಿಆಕ್ರಿಲಮೈಡಿಗೆ ಕಾಲಜನ್ ಅಂಟಿಸಲು ಸಾಮಾನ್ಯವಾಗಿ ಸಲ್ಫೋ-ಸ್ಯಾನ್ಪಾ ಬಳಸುತ್ತೇವೆ. ಇದರ ಒಂದು ತುದಿ ನೇರಳಾತೀತ ಬೆಳಕಿನಲ್ಲಿ ಜೆಲ್ಲನ್ನು ಹಿಡಿಯುತ್ತದೆ, ಇನ್ನೊಂದು ತುದಿ ಪ್ರೋಟೀನನ್ನು. ಕಷ್ಟವೇನೆಂದರೆ ಆ ಎರಡನೆಯ ತುದಿ ನೀರಿನಲ್ಲಿ ತಾನಾಗಿಯೇ ಸಾಯುತ್ತಾ ಹೋಗುತ್ತದೆ. ಬೆಳಿಗ್ಗೆ ಕಲಸಿ, ಚಹಾ ಕುಡಿದು ಬಂದು ಹಾಕಿದರೆ ಅಷ್ಟರಲ್ಲಿ ಅರ್ಧ ಸತ್ತಿರುತ್ತದೆ. ಹಾಕುವ ಕ್ಷಣದಲ್ಲೇ ಕಲಸಬೇಕು. ಬೆಳಕು ಬಿದ್ದಾಗ ಕಿತ್ತಳೆ ಬಣ್ಣ ಕಂದುಗೆಂಪಿಗೆ ತಿರುಗಬೇಕು. ತಿರುಗದಿದ್ದರೆ ದೀಪ ಹಳೆಯದಾಗಿದೆ, ಅಥವಾ ತಟ್ಟೆ ದೀಪದಿಂದ ದೂರವಿದೆ. ದೀಪದ ಕೆಳಗೆ ಆರು ತಟ್ಟೆ ಸಾಲಾಗಿಟ್ಟು, ತುದಿಯ ಎರಡಕ್ಕೆ ಬೆಳಕೇ ತಲುಪದೆ ಹೋಗುವುದು ಮಾಮೂಲು. ಆ ಎರಡೂ ಒಂದೇ ಗಡಸುತನದವಾಗಿದ್ದರೆ ಅದು ಗಡಸುತನದ ಪರಿಣಾಮ ಎಂದೇ ಓದುತ್ತೇವೆ.

ಪ್ರೋಟೀನ್ ಹೆಚ್ಚಾದರೂ ಕಷ್ಟ. ಮೇಲ್ಮೈ ತುಂಬ ಕಾಲಜನ್ ಇದ್ದರೆ ಮೆದು ಜೆಲ್ಲಿನ ಮೇಲೂ ಕೋಶ ಹೆಚ್ಚು ಹರಡಿಕೊಳ್ಳುತ್ತದೆ. ಕೊಕ್ಕೆಗಳು ಸಾಕಷ್ಟು ಇದ್ದರೆ ಸಡಿಲ ನೆಲವನ್ನೂ ಜಗ್ಗಿ ನಿಲ್ಲಬಹುದು. ಹಾಗಾಗಿ ಮೂರೂ ಜೆಲ್ಲುಗಳ ಮೇಲೆ ಪ್ರೋಟೀನ್ ಸಮನಾಗಿದೆಯೇ ಎಂಬುದನ್ನು ಕಾಲಜನ್‌ಗೆ ಅಂಟುವ ಪ್ರತಿಕಾಯ ಹಾಕಿ, ಕೋಶಗಳನ್ನು ಬಿಡುವ ಮೊದಲೇ ಚಿತ್ರ ತೆಗೆದು ನೋಡಿ. ಈ ಸಂಗತಿಯ ಮೇಲೆ ದೊಡ್ಡ ಜಗಳವೇ ನಡೆದಿದೆ. 2012ರಲ್ಲಿ ಟ್ರಾಪ್‌ಮನ್ ಮತ್ತು ಸಂಗಡಿಗರು, ಕೋಶ ಓದುತ್ತಿರುವುದು ಜೆಲ್ಲಿನ ಗಡಸುತನವನ್ನಲ್ಲ, ಪ್ರೋಟೀನ್ ಎಷ್ಟು ಕಡೆ ಕಟ್ಟಿಹಾಕಲ್ಪಟ್ಟಿದೆ ಎಂಬುದನ್ನು ಎಂದು ವಾದಿಸಿದರು. 2014ರಲ್ಲಿ ವೆನ್, ಎಂಗ್ಲರ್ ಮತ್ತು ಸಂಗಡಿಗರು ಕಟ್ಟುಗಳನ್ನೂ ಜೆಲ್ಲಿನ ರಂಧ್ರಗಳ ಗಾತ್ರವನ್ನೂ ಗಡಸುತನವನ್ನೂ ಬೇರೆಬೇರೆಯಾಗಿ ಬದಲಿಸಿ ನೋಡಿ, ಕಾಂಡಕೋಶದ ದಾರಿಯನ್ನು ನಿರ್ಧರಿಸುವುದು ಗಡಸುತನವೇ ಎಂದರು. ನನ್ನ ಮಟ್ಟಿಗೆ ಎರಡನೆಯ ಗುಂಪಿನ ಪುರಾವೆ ಗಟ್ಟಿಯಾಗಿ ಕಾಣುತ್ತದೆ. ಆದರೆ ಮೊದಲನೆಯ ಗುಂಪು ಎತ್ತಿದ ಪ್ರಶ್ನೆಯನ್ನು ಮರೆತವರು ತಮ್ಮ ಬೆಂಚಿನ ಮೇಲೆ ಅದೇ ಗುಂಡಿಗೆ ಬೀಳುತ್ತಾರೆ.

ಇನ್ನು ದಿನಗಳು ಕಳೆದಂತೆ ಕೋಶಗಳು ತಾವೇ ಫೈಬ್ರೊನೆಕ್ಟಿನ್ ನೇಯ್ದು ತಮ್ಮ ಕಾಲಡಿಗೆ ಹಾಸಿಕೊಳ್ಳುತ್ತವೆ. ಆಮೇಲೆ ಅವು ನಿಂತಿರುವುದು ನಿಮ್ಮ ಜೆಲ್ಲಿನ ಮೇಲೋ, ತಮ್ಮದೇ ಚಾಪೆಯ ಮೇಲೋ ಹೇಳುವುದು ಕಷ್ಟ. ಹರಡುವಿಕೆಯನ್ನು ನೋಡುವುದಾದರೆ ಒಂದು ದಿನದೊಳಗೆ ನೋಡಿ.

ನೆರೆಹೊರೆ ಮತ್ತು ನೆನಪು

ನೆಲದಲ್ಲಿ ಏನೂ ದೋಷ ಸಿಗದಿದ್ದರೆ ಆಗ ಕುಣಿಯುವವಳ ಕಡೆ ತಿರುಗಬಹುದು. ಇಲ್ಲಿ ಮೊದಲ ಅಪರಾಧಿ ಜನಸಂದಣಿ. ಪಕ್ಕದ ಕೋಶವನ್ನು ಮುಟ್ಟಿದ ಕೋಶ ನೆಲವನ್ನು ಬಿಟ್ಟು ನೆರೆಯವನನ್ನು ಜಗ್ಗತೊಡಗುತ್ತದೆ. ಒಂಟಿಯಾಗಿದ್ದಾಗ ಮೆದು ಜೆಲ್ಲಿನ ಮೇಲೆ ದುಂಡಗಿದ್ದ ಫೈಬ್ರೊಬ್ಲಾಸ್ಟು, ರಕ್ತನಾಳದ ಒಳಪದರದ ಎಂಡೊಥೀಲಿಯಲ್ ಕೋಶಗಳು ಒಂದಕ್ಕೊಂದು ತಾಗಿದ ಕೂಡಲೇ ಗಡಸು ಜೆಲ್ಲಿನವುಗಳಂತೆಯೇ ಕಾಣುತ್ತವೆ ಎಂಬುದನ್ನು 2005ರಲ್ಲಿ ಯೂಂಗ್, ಜಾನ್ಮಿ ಮತ್ತು ಸಂಗಡಿಗರು ತೋರಿಸಿದ್ದರು. ಯಾಪ್ ನೋಡುವವರಿಗೆ ಇದು ಇಮ್ಮಡಿ ತಲೆನೋವು. ಸಂದಣಿ ಹೆಚ್ಚಾದರೆ ಗಡಸು ಜೆಲ್ಲಿನ ಮೇಲೂ ಯಾಪ್ ಕೋಶಕೇಂದ್ರದಿಂದ ಹೊರಬರುತ್ತದೆ. ಚದರ ಸೆಂಟಿಮೀಟರಿಗೆ ಎರಡು ಮೂರು ಸಾವಿರಕ್ಕಿಂತ ಹೆಚ್ಚು ಕೋಶ ಬಿಡಬೇಡಿ. ತಟ್ಟೆ ಖಾಲಿಯಾಗಿ ಕಂಡರೆ ಕಾಣಲಿ.

ಎರಡನೆಯದು ನೆನಪು. ಜೆಲ್ಲಿಗೆ ಬರುವ ಮೊದಲು ನಿಮ್ಮ ಕೋಶಗಳು ವಾರಗಟ್ಟಲೆ ಪ್ಲಾಸ್ಟಿಕ್ ಬಾಟಲಿಯಲ್ಲಿ ಬೆಳೆದಿವೆ. ಪಾಲಿಸ್ಟೈರೀನ್ ಗಡಸುತನ ಗಿಗಾಪ್ಯಾಸ್ಕಲ್ ಲೆಕ್ಕದ್ದು, ಮಿದುಳಿನ ಅಂಗಾಂಶಕ್ಕಿಂತ ಹತ್ತು ಲಕ್ಷ ಪಟ್ಟು ಹೆಚ್ಚು. ಕೊಲರಾಡೋದ ಆನ್ಸೆತ್ ಪ್ರಯೋಗಾಲಯ 2014ರಲ್ಲಿ ತೋರಿಸಿದಂತೆ, ಗಡಸು ನೆಲದ ಮೇಲೆ ಕೆಲವು ದಿನವಷ್ಟೇ ಇದ್ದ ಕಾಂಡಕೋಶಗಳು ಮೆದು ನೆಲಕ್ಕೆ ಬಂದ ಮೇಲೆ ಯಾಪನ್ನು ಹೊರಕ್ಕೆ ಕಳಿಸುತ್ತವೆ. ಹತ್ತು ದಿನ ಇದ್ದವು ಮೆದು ನೆಲದ ಮೇಲೂ ಹಳೆಯ ಚಾಳಿ ಬಿಡುವುದಿಲ್ಲ. ಹಾಗಾಗಿ ಕೋಶ ಎಷ್ಟನೆಯ ಸಲ ಬಾಟಲಿ ಬದಲಿಸಿದೆ ಎಂಬುದನ್ನು ಬರೆದಿಡಿ, ಆದಷ್ಟು ಎಳೆಯ ಕೋಶಗಳನ್ನು ಬಳಸಿ. ಸಾಧ್ಯವಿದ್ದರೆ ಪ್ರಯೋಗಕ್ಕೆ ಮೊದಲು ಮೆದು ಜೆಲ್ಲಿನ ಮೇಲೇ ಒಂದೆರಡು ಸಲ ಬೆಳೆಸಿ.

ಕೋಶ ಬೆಳೆಸುವ ದ್ರವಕ್ಕೆ ಬೆರೆಸುವ ಸೀರಮ್ ಕೂಡ ಯಾಪನ್ನು ಒಳಕ್ಕೆ ತಳ್ಳುತ್ತದೆ. ಮೂರು ತಟ್ಟೆಗೂ ಒಂದೇ ಬಾಟಲಿಯ ದ್ರವ, ಒಂದೇ ಹೊತ್ತಿಗೆ. ಇಲ್ಲಿ ಇದಕ್ಕಿಂತ ಹೇಳಲು ಏನಿಲ್ಲ.

ಎಲ್ಲ ಕೋಶಗಳೂ ಫೈಬ್ರೊಬ್ಲಾಸ್ಟಿನಂತೆ ಉತ್ತರಿಸುತ್ತವೆ ಎಂದೂ ತಿಳಿಯಬೇಡಿ. ನರಕೋಶಗಳು ಮೆದು ಜೆಲ್ಲಿನ ಮೇಲೇ ಹೆಚ್ಚು ಕವಲೊಡೆಯುತ್ತವೆ. ಜೆಲ್ಲಿನ ಮೇಲೆ ಬಿಡದೆ ಜೆಲ್ಲಿನೊಳಗೇ ಹುದುಗಿಸಿದ ಕೋಶಗಳ ಕಥೆ ಇನ್ನೂ ಬೇರೆ. ಸುತ್ತಲಿನ ಬಲೆಯನ್ನು ಕತ್ತರಿಸಿ ಜಾಗ ಮಾಡಿಕೊಳ್ಳಲಾಗದಿದ್ದರೆ ಗಡಸು ಜೆಲ್ಲಿನೊಳಗೂ ಅವು ದುಂಡಗೇ ಉಳಿಯುತ್ತವೆ. ಅದಕ್ಕೆ ಈ ಕೈಪಿಡಿ ಸಾಲದು.

ನೋಡುವ ಕಣ್ಣಿನ ದೋಷ

ನೂರು ಮೈಕ್ರಾನ್ ಜೆಲ್, ಅದರಡಿ ಗಾಜು, ಇಷ್ಟನ್ನು ದಾಟಿ ಎಣ್ಣೆ ಲೆನ್ಸು ಕೋಶದವರೆಗೆ ತಲುಪುವುದೇ ಕಷ್ಟ. ತಲುಪಿದರೂ ಚಿತ್ರ ಮಸುಕು. ಜೆಲ್ಲನ್ನು ತಲೆಕೆಳಗಾಗಿ ಇನ್ನೊಂದು ಗಾಜಿನ ಮೇಲೆ ಬೋರಲು ಹಾಕಿ ಕೋಶದ ಕಡೆಯಿಂದ ನೋಡಿ, ಅಥವಾ ನೀರಿನಲ್ಲಿ ಅದ್ದುವ ದೂರಗಾಮಿ ಲೆನ್ಸು ಬಳಸಿ.

ಇದಕ್ಕಿಂತ ಸೂಕ್ಷ್ಮವಾದದ್ದು ದುಂಡು ಕೋಶದ ಮೋಸ. ಹರಡಿದ ಕೋಶ ದೋಸೆಯಂತೆ ಚಪ್ಪಟೆ, ಕೋಶಕೇಂದ್ರ ಎಲ್ಲಿ, ಕೋಶರಸ ಎಲ್ಲಿ ಎಂಬುದು ಬಿಡಿಸಿ ಕಾಣುತ್ತದೆ. ಮೆದು ಜೆಲ್ಲಿನ ಮೇಲಿನ ಕೋಶ ಇಡ್ಲಿಯಂತೆ ಎತ್ತರ. ಸಾಮಾನ್ಯ ಫ್ಲೋರೆಸೆನ್ಸ್ ಮೈಕ್ರೊಸ್ಕೋಪಿನಲ್ಲಿ ಮೇಲಿನಿಂದ ನೋಡಿದಾಗ ಕೋಶಕೇಂದ್ರದ ಮೇಲೆ, ಕೆಳಗೆ ಇರುವ ಕೋಶರಸದ ಬೆಳಕೂ ಅದರ ಲೆಕ್ಕಕ್ಕೇ ಸೇರಿಹೋಗುತ್ತದೆ. ಯಾಪ್ ಹೊರಗಿದ್ದರೂ ಒಳಗಿದೆ ಎಂದು ತೋರುತ್ತದೆ. ‘ಮೆದು ಜೆಲ್ಲಿನ ಮೇಲೂ ಯಾಪ್ ಒಳಗೇ ಇದೆ’ ಎಂಬ ಎಷ್ಟೋ ದೂರುಗಳು ಕನ್‌ಫೋಕಲ್ ಮೈಕ್ರೊಸ್ಕೋಪಿನಲ್ಲಿ ಕೋಶದ ಒಂದು ತೆಳು ಸೀಳು ನೋಡಿದ ತಕ್ಷಣ ಮಾಯವಾಗುತ್ತವೆ.

ಓದುವ ವಿಧಾನ ಸರಿಯಿದೆಯೇ ಎಂದು ತಿಳಿಯಲು ಮೋಟಾರನ್ನೇ ನಿಲ್ಲಿಸಿ ನೋಡುವ ದಾರಿಯಿದೆ. ಗಡಸು ಜೆಲ್ಲಿನ ಮೇಲಿನ ಕೋಶಗಳಿಗೆ ಬ್ಲೆಬಿಸ್ಟಾಟಿನ್ ಅಥವಾ ವೈ-27632 ಎಂಬ ಔಷಧ ಹಾಕಿ. ಮೊದಲನೆಯದು ಮಯೋಸಿನ್ನನ್ನು ನೇರವಾಗಿ ತಡೆಯುತ್ತದೆ, ಎರಡನೆಯದು ಅದನ್ನು ಚಾಲೂ ಮಾಡುವ ಕಿಣ್ವವನ್ನು. ಜಗ್ಗುವ ಬಲ ನಿಂತ ಮೇಲೆ ಗಡಸು ನೆಲವೂ ಕೋಶಕ್ಕೆ ಮೆದುವಾಗುತ್ತದೆ, ಯಾಪ್ ಹೊರಬರಬೇಕು. ಬಂದರೆ ನಿಮ್ಮ ಪ್ರತಿಕಾಯ, ಚಿತ್ರ, ಲೆಕ್ಕ ಎಲ್ಲ ಸರಿ, ಮತ್ತೆ ಜೆಲ್ಲಿನ ಕಡೆಗೆ ಹೋಗಿ. ಬರದಿದ್ದರೆ ಜೆಲ್ಲನ್ನು ಬಿಡಿ, ಬಣ್ಣ ಹಾಕುವ ಮೇಜಿಗೆ ಹೋಗಿ. ಬ್ಲೆಬಿಸ್ಟಾಟಿನ್ ಹಾಕಿದ ತಟ್ಟೆಗೆ ನೀಲಿ ಬೆಳಕು ತೋರಿಸಬೇಡಿ. ಔಷಧವೂ ಕೆಡುತ್ತದೆ, ಕೆಟ್ಟದ್ದು ಕೋಶಕ್ಕೂ ವಿಷ.

ನಮ್ಮ ತಟ್ಟೆಯಲ್ಲಿ ಸಿಕ್ಕಿದ್ದು

ಒಂದು ಮಳೆಗಾಲದಲ್ಲಿ ನಾವು ಮೂರು ವಾರ ಇದೇ ದೋಷದ ಹಿಂದೆ ಓಡಾಡಿದೆವು. ದಪ್ಪ ಅಳೆದೆವು, ಸರಿಯಿತ್ತು. ಗಡಸುತನ ಅಳೆದೆವು, ಒಂದೂಕಾಲು ಕಿಲೋಪ್ಯಾಸ್ಕಲ್ ಬಂತು, ತೃಪ್ತಿಯಾಯಿತು. ಕಾಲಜನ್ ಸಮನಾಗಿತ್ತು. ಪ್ರೋಟೀನಿಲ್ಲದ ಜೆಲ್ಲಿನ ತಟ್ಟೆಯಲ್ಲಿ ಮಾತ್ರ ಅಂಚಿನುದ್ದಕ್ಕೂ ಒಂದಿಷ್ಟು ಕೋಶ ಹರಡಿಕೊಂಡಿದ್ದವು. ಅಂಚು ತಾನೇ ಎಂದು ಬಿಟ್ಟೆವು.

ಕೊನೆಗೆ ಬೇಸತ್ತ ಒಬ್ಬರು ತಟ್ಟೆಯ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಸಾಲಾಗಿ ಚಿತ್ರ ತೆಗೆದು ಜೋಡಿಸಿದರು. ಅದೇ ಒಂದು ಮೆದು ಜೆಲ್ಲಿನಲ್ಲಿ ಮೂರು ಊರುಗಳಿದ್ದವು. ನಡುಮಧ್ಯದಲ್ಲಿ ಕೋಶಗಳು ಜಾತ್ರೆಯಂತೆ ನೆರೆದಿದ್ದವು. ಕೋಶ ಬಿಟ್ಟ ಮೇಲೆ ತಟ್ಟೆಯನ್ನು ಗುಂಡಗೆ ತಿರುಗಿಸಿ ಇನ್‌ಕ್ಯುಬೇಟರಿಗೆ ಒಯ್ಯುವ ನಮ್ಮ ಅಭ್ಯಾಸ ಅವನ್ನು ನಡುವಿಗೆ ಸುಳಿಯಾಗಿ ಸೇರಿಸಿತ್ತು. ಒಂದಕ್ಕೊಂದು ತಾಗಿ, ನೆಲ ಮರೆತು, ಎಲ್ಲವೂ ಹರಡಿಕೊಂಡಿದ್ದವು. ಅಂಚಿನಲ್ಲಿ ಅರೆಬೆಂದ ಜೆಲ್ ಮೇಲಿನ ಗಾಜು ತೆಗೆಯುವಾಗ ಹರಿದು ಗಾಜು ಬಯಲಾಗಿತ್ತು, ಅಲ್ಲಿನ ಕೋಶಗಳು ಗಾಜಿನ ಮೇಲೆ ಹರಡಿಕೊಂಡಿದ್ದವು. ಇವೆರಡರ ನಡುವಿನ ಉಂಗುರದಲ್ಲಿ, ಅಲ್ಲೊಂದು ಇಲ್ಲೊಂದು ಚದುರಿ, ದುಂಡಗೆ ಸಣ್ಣಗೆ ಕುಳಿತಿದ್ದವು ನಾವು ಮೂರು ವಾರ ಹುಡುಕಿದ ಕೋಶಗಳು. ಮೊದಲ ದಿನದಿಂದಲೂ ಅಲ್ಲೇ ಇದ್ದಿರಬೇಕು. ಚಿತ್ರ ತೆಗೆಯುವವರು ಫೋಕಸ್ ಸುಲಭವೆಂದು ನಡುಮಧ್ಯಕ್ಕೇ ಹೋಗುತ್ತಿದ್ದರು.

ಈಗ ಕೋಶ ಬಿಟ್ಟ ಮೇಲೆ ತಟ್ಟೆಯನ್ನು ಹಿಂದೆಮುಂದೆ, ಎಡಬಲ ಅಲ್ಲಾಡಿಸಿ ಹತ್ತು ನಿಮಿಷ ಮೇಜಿನ ಮೇಲೇ ಬಿಡುತ್ತೇವೆ. ತಟ್ಟೆಯ ತಳಕ್ಕೆ ಮಾರ್ಕರಿನಲ್ಲಿ ಎರಡು ವೃತ್ತ ಎಳೆದಿರುತ್ತದೆ. ಚಿತ್ರ ತೆಗೆಯುವುದು ಆ ಎರಡರ ನಡುವೆ ಮಾತ್ರ.